ತೌರೂರು ತಿಳಿಯದ ಹೂವು

ನಮ್ಮ ಮನೆಯ ಮುಂದಿನ ಅಂಗಳ ದೊಡ್ಡದಲ್ಲ. ಗೇಟಿನಿಂದ ಜಗಲಿಗೆ ಹತ್ತೇ ಹೆಜ್ಜೆ. ಒಂದು ಬದಿಗೆ ತುಳಸಿಕಟ್ಟೆ, ಒಂದು ದಾಸವಾಳ, ಕನಕಾಂಬರದ ಎರಡು ಪಾತಿ. ಇನ್ನೊಂದು ಬದಿಗೆ, ಕಾಂಪೌಂಡು ಗೋಡೆಗೆ ಬೆನ್ನು ಕೊಟ್ಟು ನಿಂತಿರುವ ಹಾಲಿಹಾಕ್ ಗಿಡಗಳ ಸಾಲು. ವಾಚಕರಾದ ನೀವು ಈ ಗಿಡವನ್ನು ನೋಡಿಯೇ ಇರುತ್ತೀರಿ. ಹೆಸರು ತಿಳಿಯದೆಯಾದರೂ ನೋಡಿರುತ್ತೀರಿ. ಬುಡದಲ್ಲಿ ಅಂಗೈಯಗಲದ ಒರಟು ಎಲೆಗಳು. ನಡುವಿನಿಂದ ಕವಲಿಲ್ಲದೆ ನೆಟ್ಟಗೆ ಏಳುವ ಕಾಂಡ. ಆ ಕಾಂಡದ ಉದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತ ಹೋಗುವ ಹೂಗಳು. ಬಿಳುಪು, ನಸುಗೆಂಪು, ಕಡುಗೆಂಪು, ತಿಳಿಹಳದಿ, ಕೊನೆಗೆ ಕಪ್ಪೆಂದೇ ಹೇಳಬಹುದಾದ ಕಡುನೇರಳೆ. ಆರಡಿ, ಎಂಟಡಿ ಬೆಳೆಯುವುದು ಇದಕ್ಕೆ ಸಾಮಾನ್ಯ. ನಮ್ಮ ಮನೆಯಲ್ಲಿ ಅವು ನನ್ನ ತಲೆಯನ್ನು ಮೀರಿ ನಿಂತಿವೆ.

ಒಂದು ಭಾನುವಾರ ಬೆಳಗ್ಗೆ, ರೇಡಿಯೋದಲ್ಲಿ ವಾರ್ತೆ ಮುಗಿದು ನಾನು ಗಿಡಗಳಿಗೆ ನೀರು ಹಾಕುತ್ತಿದ್ದಾಗ, ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬ ಪ್ರಬಂಧದ ಪುಸ್ತಕ ಹಿಡಿದು ಬಂದ. ಪುಸ್ತಕವನ್ನು ಜಗಲಿಯ ಮೇಲಿಟ್ಟು ಗಿಡಗಳ ಕಡೆಗೆ ನೋಡಿ, ‘ಮೇಷ್ಟ್ರೇ, ಇದಕ್ಕೆ ಕನ್ನಡದಲ್ಲಿ ಏನಂತಾರೆ?’ ಎಂದು ಕೇಳಿದ. ಕನ್ನಡ ಪಂಡಿತನಿಗೆ ಇಂಥ ಪ್ರಶ್ನೆ ಬಂದಾಗ ‘ಗೊತ್ತಿಲ್ಲ’ ಎನ್ನುವುದು ಸುಲಭವಲ್ಲ. ‘ನಾಳೆ ಹೇಳುತ್ತೇನೆ’ ಎಂದೆ. ಆ ನಾಳೆ ಬರುವುದಕ್ಕೆ ಬಹಳ ದಿನ ಹಿಡಿಯಿತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಹೆಸರಲ್ಲ, ಒಂದು ಚರಿತ್ರೆ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಇದರ ಕುಲವನ್ನು ಹೇಳಿಬಿಡುತ್ತೇನೆ, ಅದರಲ್ಲಿ ಗೊಂದಲವಿಲ್ಲ. ಹಾಲಿಹಾಕ್ ನಮ್ಮ ದಾಸವಾಳದ ದಾಯಾದಿ. ಹತ್ತಿ, ಬೆಂಡೆ, ಪುಂಡಿ, ಹೂವರಸಿ ಇವೆಲ್ಲ ಅದೇ ಮನೆತನದವು. ಅನುಮಾನವಿದ್ದವರು ಬೆಂಡೆಯ ಹೂವೊಂದನ್ನು ಪಕ್ಕದಲ್ಲಿಟ್ಟು ನೋಡಬಹುದು. ಅದೇ ಐದು ದಳ, ನಡುವೆ ಕೇಸರಗಳೆಲ್ಲ ಒಟ್ಟುಗೂಡಿ ಆದ ಅದೇ ಕಂಬ. ಕಾಯಿ ಮಾತ್ರ ಬೇರೆ. ಹಾಲಿಹಾಕ್‌ನ ಕಾಯಿ ಚಪ್ಪಟೆಯಾದ ಪುಟ್ಟ ಗಾಲಿ. ಒಣಗಿದ ಮೇಲೆ ಬಿಡಿಸಿದರೆ, ಚಕ್ರಾಕಾರವಾಗಿ ಜೋಡಿಸಿಟ್ಟ ಬಿಲ್ಲೆಗಳ ಹಾಗೆ ಬೀಜಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ.

ಇಷ್ಟು ಹತ್ತಿರದ ನಂಟಸ್ತಿಕೆ ಇದ್ದೂ ನಮ್ಮ ಹಳೆಯ ನಿಘಂಟುಗಳಲ್ಲಿ ಇದಕ್ಕೆ ಸ್ಥಾನ ಕಾಣಲಿಲ್ಲ. ಅಮರಕೋಶದಲ್ಲಿ ದಾಸವಾಳಕ್ಕೆ ಜಪಾ ಎಂಬ ಹೆಸರುಂಟು, ಹತ್ತಿಗೆ ಕಾರ್ಪಾಸೀ ಎಂಬ ಹೆಸರುಂಟು. ನಮ್ಮ ಅತಿಥಿಗೆ ಏನೂ ಇಲ್ಲ. ಹಿಂದೂಸ್ಥಾನಿಯಲ್ಲಿ ಗುಲ್‌ಖೈರಾ ಎನ್ನುತ್ತಾರೆ. ಯುನಾನಿ ವೈದ್ಯರು ಕೆಮ್ಮಿನ ಕಷಾಯಕ್ಕೆ ಸೇರಿಸುವ ಖತ್ಮಿ ಎಂಬುದು ಇದು, ಇಲ್ಲವೆ ಇದರ ತೀರ ಹತ್ತಿರದ ಬಂಧು. ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಒಣಗಿದ ಬೀಜವನ್ನು ಪೊಟ್ಟಣ ಕಟ್ಟಿಕೊಡುತ್ತಾರೆ. ಹೂವು ಹೇಗಿರುತ್ತದೆ ಎಂದರೆ ತಲೆಯಾಡಿಸುತ್ತಾರೆ.

ಹಾಗಾದರೆ ಬೇರೆ ದೇಶದವರು ಏನೆನ್ನುತ್ತಾರೆ ಎಂದು ನೋಡಲು ಹೊರಟೆ. ಇಲ್ಲಿಂದ ಸ್ವಾರಸ್ಯ ಪ್ರಾರಂಭವಾಗುತ್ತದೆ.

ಚೀನದಲ್ಲಿ ಇದರ ಹೆಸರು ಶು-ಕ್ವೇ. ಕ್ವೇ ಎಂದರೆ ಈ ಕುಲದ ಗಿಡ. ಶು ಎಂಬುದು ಈಗಿನ ಸಿಚುವಾನ್ ಪ್ರಾಂತದ ಪ್ರಾಚೀನ ನಾಮ. ಎಂದರೆ ‘ಶು ಸೀಮೆಯ ಗಿಡ’. ನಮ್ಮ ಅಮರಕೋಶಕ್ಕಿಂತ ಎಷ್ಟೋ ಹಳೆಯದಾದ, ಕ್ರಿಸ್ತಪೂರ್ವದ್ದೆಂದು ಎಣಿಸುವ ಎರ್‌ಯಾ ಎಂಬ ಚೀನೀ ಕೋಶದಲ್ಲಿ ರೊಂಗ್-ಕ್ವೇ ಎಂಬ ಶಬ್ದವಿದೆ. ಅದು ಇದೇ ಗಿಡವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ರೊಂಗ್ ಎಂದರೆ ಪಶ್ಚಿಮದ ಗಡಿಯಾಚೆಯ ಜನ. ಎಂದರೆ ‘ಹೊರಗಿನವರ ಗಿಡ’. ಇನ್ನು ಫ್ರೆಂಚರು ಇದನ್ನು ರೋಜ್ ತ್ರೆಮಿಯೇರ್ ಎನ್ನುತ್ತಾರೆ. ಈ ತ್ರೆಮಿಯೇರ್ ‘ಕಡಲಾಚೆ’ ಎಂಬ ಅರ್ಥದ ಪದ ಸವೆದು ಆದದ್ದೆಂದು ಅಲ್ಲಿನ ಕೋಶಕಾರರ ಅಭಿಪ್ರಾಯ. ಆಗ ಇದು ಕಡಲಾಚೆಯ ಗುಲಾಬಿ. ಚೀನದವನು ಪಶ್ಚಿಮದ ಕಡೆಗೆ ಕೈ ತೋರಿಸುತ್ತಾನೆ, ಫ್ರಾನ್ಸಿನವನು ಪೂರ್ವದ ಕಡೆಗೆ. ಜರ್ಮನರು ಮಾತ್ರ ಈ ಗೊಡವೆಯೇ ಬೇಡವೆಂದು, ಕಣ್ಣಿಗೆ ಕಂಡಂತೆ, ಕೋಲುಗುಲಾಬಿ ಎಂದುಬಿಟ್ಟರು. ಗುಲಾಬಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದನ್ನು ಬಿಟ್ಟರೆ ಅದು ಒಳ್ಳೆಯ ಹೆಸರು.

ಇಂಗ್ಲಿಷಿನ ಹೆಸರಿಗೆ ಒಂದು ಕಥೆಯೇ ಇದೆ. ಹಾಲಿ ಎಂದರೆ ಪವಿತ್ರ. ಹಾಕ್ ಎಂದರೆ ಕುದುರೆಯ ಹಿಂಗಾಲಿನ ಕೀಲು. ಮಧ್ಯಯುಗದಲ್ಲಿ ಜೆರೂಸಲೇಮಿಗಾಗಿ ನಡೆದ ಧರ್ಮಯುದ್ಧಗಳಿಂದ ಹಿಂತಿರುಗಿದ ಯೋಧರು ಆ ಪವಿತ್ರ ಭೂಮಿಯಿಂದ ಈ ಗಿಡವನ್ನು ತಂದರಂತೆ. ಇದರ ಲೇಪವನ್ನು ತಮ್ಮ ಕುದುರೆಗಳ ಬಾತ ಕಾಲುಗಳಿಗೆ ಹಚ್ಚುತ್ತಿದ್ದರಂತೆ. ಅದರಿಂದ ಹಾಲಿಹಾಕ್ ಎಂದಾಯಿತಂತೆ. ಕಥೆ ಚೆನ್ನಾಗಿದೆ. ಆದರೆ ಇಷ್ಟು ಚೆನ್ನಾಗಿ ಹೊಂದುವ ವ್ಯುತ್ಪತ್ತಿಯನ್ನು ಕಂಡರೆ ನನಗೆ ಮೊದಲು ಬರುವುದು ಸಂಶಯ. ನಮ್ಮಲ್ಲೂ ಊರೂರ ಹೆಸರಿಗೆ ಭೀಮನನ್ನೋ ಸೀತೆಯನ್ನೋ ತಂದು ಕಟ್ಟುವವರು ಕಡಿಮೆಯೆ? ಹಳೆಯ ಇಂಗ್ಲಿಷಿನಲ್ಲಿ ಹಾಕ್ ಎಂಬುದು ಈ ಕುಲದ ಗಿಡಗಳಿಗೇ ಇದ್ದ ಸಾಮಾನ್ಯ ನಾಮ. ಕುದುರೆಯ ಕಾಲಿನ ಪದವೇ ಬೇರೆ, ಈ ಪದವೇ ಬೇರೆ. ಇಷ್ಟೇ ಅಲ್ಲ. ಹಾಲಿಹಾಕ್ ಎಂಬ ಶಬ್ದ ಮೊದಲು ಇದ್ದದ್ದು ಇಂಗ್ಲೆಂಡಿನ ಜೌಗುನೆಲದಲ್ಲಿ ತಾನಾಗಿ ಬೆಳೆಯುವ ಇದರ ಒಂದು ಔಷಧಿಯ ಬಂಧುವಿಗೆ. ಹೊಸಬ ಬಂದು, ತನ್ನ ಎತ್ತರದಿಂದಲೂ ಬಣ್ಣದಿಂದಲೂ ಎಲ್ಲರ ಕಣ್ಣು ಸೆಳೆದು, ಹಳಬನ ಹೆಸರನ್ನು ತಾನು ಹೊತ್ತುಕೊಂಡ. ಹೆಸರು ಅಲ್ಲಿಯದು, ಗಿಡ ಎಲ್ಲಿಯದೋ.

ಎಲ್ಲಿಯದು ಎಂಬ ಪ್ರಶ್ನೆಗೆ ಸಸ್ಯಶಾಸ್ತ್ರಜ್ಞರು ಕೊಡುವ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೆ ಆಲ್ಸಿಯಾ ರೋಸಿಯಾ ಎಂದು ನಾಮಕರಣ ಮಾಡಿದ. ಅದೇ ಶತಮಾನದಲ್ಲಿ ಸ್ಪೇನಿನ ಕಾವನಿಯೆಸ್ ಎಂಬ ಪಂಡಿತ ಇದನ್ನು ಆಲ್ತಿಯಾ ಎಂಬ ಇನ್ನೊಂದು ಪಂಗಡಕ್ಕೆ ವರ್ಗಾಯಿಸಿದ. ಈಗ ಮತ್ತೆ ಆಲ್ಸಿಯಾಕ್ಕೇ ತಂದು ನಿಲ್ಲಿಸಿದ್ದಾರೆ. ಆಲ್ಸಿಯಾ ಪಂಗಡದ ಕಾಡುಗಿಡಗಳು ಟರ್ಕಿ, ಇರಾನ್‌ಗಳಿಂದ ಮಧ್ಯ ಏಷ್ಯದವರೆಗೆ ಬೆಟ್ಟಗುಡ್ಡಗಳಲ್ಲಿ ಹತ್ತಾರು ಬಗೆಯಾಗಿ ಸಿಕ್ಕುತ್ತವೆ. ಆದರೆ ನಮ್ಮ ಅಂಗಳದ ಈ ಹಾಲಿಹಾಕ್ ನಿಜವಾದ ಕಾಡುಗಿಡವಾಗಿ ಎಲ್ಲಿಯೂ ಸಿಕ್ಕಿಲ್ಲ. ಎಲ್ಲಿ ಕಂಡರೂ ಒಂದೋ ಮನೆಯ ಮುಂದೆ ಇದೆ, ಇಲ್ಲವೆ ಹಿಂದೊಮ್ಮೆ ಮನೆಯಿದ್ದ ಜಾಗದಲ್ಲಿದೆ. ಪಶ್ಚಿಮ ಏಷ್ಯದ ಕಾಡುಬಂಧುಗಳ ಬೆರಕೆಯಿಂದ ಮನುಷ್ಯರ ಹಿತ್ತಿಲಲ್ಲಿ ಹುಟ್ಟಿರಬೇಕೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಹೀಗೆ ತೌರು ಮನೆ ಎಂದು ತೋರಿಸಲು ಇದಕ್ಕೆ ಕಾಡಿಲ್ಲ, ಅಂಗಳವೇ ತೌರು.

ಇನ್ನು ನಾನು ತಪ್ಪೊಪ್ಪಿಕೊಳ್ಳಬೇಕಾದ ಒಂದು ಸಂಗತಿಗೆ ಬರುತ್ತೇನೆ.

ಇರಾಕ್ ದೇಶದ ಉತ್ತರಕ್ಕೆ, ಜಾಗ್ರೋಸ್ ಪರ್ವತಗಳಲ್ಲಿ, ಶಾನಿದಾರ್ ಎಂಬ ಒಂದು ದೊಡ್ಡ ಗುಹೆಯಿದೆ. ಅಮೆರಿಕದ ರಾಲ್ಫ್ ಸೊಲೆಕಿ 1951ರಿಂದ 1960ರವರೆಗೆ ಅಲ್ಲಿ ಉತ್ಖನನ ನಡೆಸಿ, ನಮಗಿಂತ ಹಿಂದಿನ ನಿಯಾಂಡರ್ತಾಲ್ ಮಾನವರ ಹಲವು ಅಸ್ಥಿಪಂಜರಗಳನ್ನು ತೆಗೆದರು. ಅವುಗಳಲ್ಲಿ ನಾಲ್ಕನೆಯದು 1960ರಲ್ಲಿ ಸಿಕ್ಕಿತು. ಅದರ ಸುತ್ತಣ ಮಣ್ಣನ್ನು ಪ್ಯಾರಿಸಿನಲ್ಲಿ ಆರ್ಲೆಟ್ ಲೆರ್ವಾ-ಗೂರಾಂ ಎಂಬ ವಿದುಷಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಅದರಲ್ಲಿ ಹೂವಿನ ಪರಾಗ ಗುಂಪುಗುಂಪಾಗಿ ಕಂಡಿತು. ಕಂಡ ಹೂಗಳಲ್ಲಿ ಒಂದು ಹಾಲಿಹಾಕ್‌ನ ಪಂಗಡದ್ದು. ಈ ಪಂಗಡದ ಪರಾಗದ ಕಣ ದೊಡ್ಡದು, ಅಂಟುವ ಗುಣದ್ದು. ಗಾಳಿಯಲ್ಲಿ ಹಾರಿ ಗುಹೆಯೊಳಕ್ಕೆ ಬರುವಂಥದ್ದಲ್ಲ. ಆದ್ದರಿಂದ ಸುಮಾರು 60 ಸಾವಿರ ವರ್ಷಗಳಿಗೂ ಹಿಂದೆ, ಮಾತು ಬರುತ್ತಿತ್ತೋ ಇಲ್ಲವೋ ಎಂದು ನಾವು ಚರ್ಚಿಸುವ ಆ ಜನ, ಸತ್ತ ತಮ್ಮವನೊಬ್ಬನನ್ನು ಹೂವಿನ ಹಾಸಿಗೆಯ ಮೇಲೆ ಮಲಗಿಸಿ ಮಣ್ಣು ಮಾಡಿದರು ಎಂದು ಸೊಲೆಕಿ ಬರೆದರು. 1971ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಅವರನ್ನು ‘ಮೊದಲ ಹೂವಿನ ಜನ’ ಎಂದು ಕರೆದಿದ್ದಾರೆ.

ಓದುಗರೇ, ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದೆ. ಶೋಕರಸದ ಪಾಠ ಬಂದಾಗಲೆಲ್ಲ ಹೇಳಿದೆ. ಗಲಾಟೆಯ ಹುಡುಗರೂ ಸುಮ್ಮನೆ ಕೂತು ಕೇಳುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, ಹಿಂದಿನ ವರ್ಷ ತಾನೇ ತಂದೆಯನ್ನು ಕಳೆದುಕೊಂಡವನು, ಪಾಠ ಮುಗಿದ ಮೇಲೆ ಬಂದು, ‘ಆ ಹೂವು ನಿಮ್ಮ ಮನೇಲಿ ಇದೆಯಾ ಸಾರ್?’ ಎಂದು ಕೇಳಿದ. ಇದೆ ಎಂದೆ. ಸಂಜೆ ಬಂದು ನೋಡಿಕೊಂಡು, ಏನೂ ಮಾತನಾಡದೆ ಹೋದ.

ಆಮೇಲೆ ನಾನು ಓದಿದ್ದು ಬೇರೆ. ಆ ಗುಹೆಯ ನೆಲದಲ್ಲಿ ಬಿಲ ತೋಡುವ ಒಂದು ಜಾತಿಯ ಇಲಿ ಹೂಗಳನ್ನು ಸಂಗ್ರಹಿಸಿ ಒಳಕ್ಕೆ ಎಳೆದೊಯ್ಯುತ್ತದೆ. ಪರಾಗ ಅದರಿಂದ ಬಂದದ್ದಿರಬಹುದೆಂದು 1999ರಲ್ಲಿ ಒಬ್ಬರು ವಾದಿಸಿದರು. ಗುಹೆಯನ್ನು ಮತ್ತೆ ಅಗೆದ ತಂಡದವರು 2023ರಲ್ಲಿ ಇನ್ನೊಂದು ಮಾತು ಹೇಳಿದರು. ಪರಾಗದ ಒಂದೊಂದು ಮುದ್ದೆಯಲ್ಲೂ ಹಲವು ಹೂಗಳದ್ದು ಬೆರೆತಿದೆ. ಎಲ್ಲವೂ ಒಂದೇ ಕಾಲದಲ್ಲಿ ಅರಳುವ ಹೂಗಳಲ್ಲ. ಆದ್ದರಿಂದ ಇದು ನೆಲದಲ್ಲಿ ಗೂಡು ಕಟ್ಟುವ ಒಂಟಿ ಜೇನುನೊಣಗಳ ಕೆಲಸವೆಂದು ತೋರುತ್ತದೆ, ಎಂದು. ನೊಣ ತನ್ನ ಮರಿಗೆ ಕೂಡಿಟ್ಟ ಬುತ್ತಿಯನ್ನು ನಾವು ಶವದ ಮೇಲಿನ ಹೂವೆಂದು ಓದಿದ್ದೆವು. ಆ ಜನ ತಮ್ಮವರನ್ನು ಆ ಗುಹೆಗೆ ತಂದು ಮಲಗಿಸಿದ್ದರೆಂಬುದನ್ನು ಈಗಿನ ಸಂಶೋಧಕರೂ ತಳ್ಳಿಹಾಕುವುದಿಲ್ಲ. ಹೂವಿನ ಮಾತು ಮಾತ್ರ ನಿಲ್ಲುವುದು ಕಷ್ಟ.

ಇದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ ಎಂದರೆ ಅತಿಶಯೋಕ್ತಿಯಾದೀತು. ಆದರೆ ಮನಸ್ಸು ಸರಿಯಿರಲಿಲ್ಲ ಎಂಬುದು ನಿಜ. ಸುಳ್ಳು ಹೇಳಿದೆನೆಂದಲ್ಲ, ಅಂದಿಗೆ ತಿಳಿದದ್ದನ್ನು ಹೇಳಿದ್ದೆ. ಆ ಹಿಂದಿನ ಬೆಂಚಿನ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೆ ಈ ತಿದ್ದುಪಡಿಯನ್ನು ಮುಟ್ಟಿಸುವುದು ಹೇಗೆ? ಮುಟ್ಟಿಸಲೇಬೇಕೆ? ಮುಟ್ಟಿಸಬೇಕು ಎಂದೇ ನನ್ನ ತೀರ್ಮಾನ. ಆಮೇಲಿನ ತರಗತಿಗಳಲ್ಲಿ ಎರಡು ಕಥೆಗಳನ್ನೂ ಹೇಳಿದೆ. ಎರಡನೆಯದನ್ನು ಹೇಳುವಾಗ ತರಗತಿ ಅಷ್ಟು ನಿಶ್ಶಬ್ದವಾಗುವುದಿಲ್ಲ, ಅದೊಂದು ವ್ಯತ್ಯಾಸ.

ಈ ಹೂವಿಗೆ ಸಲ್ಲದ ಹಿರಿಮೆ ಸಂದಿರುವುದು ಇದೊಂದೇ ಕಡೆಯಲ್ಲ. ಜಪಾನನ್ನು 1603ರಿಂದ 1868ರವರೆಗೆ ಆಳಿದ ತೊಕುಗಾವಾ ಮನೆತನದ ಲಾಂಛನ ಮೂರು ಎಲೆಗಳ ಒಂದು ಚಕ್ರ. ಇಂಗ್ಲಿಷ್ ಪುಸ್ತಕಗಳು ಅದನ್ನು ಮೂರು ಹಾಲಿಹಾಕ್ ಎಲೆಗಳೆಂದು ವರ್ಣಿಸುತ್ತವೆ. ಕ್ಯೋಟೋ ನಗರದಲ್ಲಿ ಮೇ 15ರಂದು ನಡೆಯುವ ಪ್ರಾಚೀನ ಆಓಯಿ ಉತ್ಸವಕ್ಕೂ ಇಂಗ್ಲಿಷಿನಲ್ಲಿ ಹಾಲಿಹಾಕ್ ಹಬ್ಬವೆಂದೇ ಹೆಸರು. ವಾಸ್ತವವಾಗಿ ಅವೆರಡರಲ್ಲೂ ಇರುವುದು ಕಾಡಿನ ನೆರಳಲ್ಲಿ ನೆಲಕ್ಕಂಟಿ ಬೆಳೆಯುವ ಬೇರೊಂದು ಗಿಡದ ಎಲೆ. ಆಓಯಿ ಎಂಬ ಒಂದೇ ಮಾತು ಜಪಾನಿಯಲ್ಲಿ ಎರಡಕ್ಕೂ ಸಲ್ಲುವುದರಿಂದ ಭಾಷಾಂತರಕಾರರು ಎಡವಿದರು. ಅರ್ಥಾಂತರದಲ್ಲಿ ಸಾಮ್ರಾಜ್ಯವೇ ಕೈಗೆ ಬಂದ ಗಿಡ ಇದೊಂದೇ ಇರಬೇಕು.

ಇಷ್ಟು ಹೊದಿಕೆಗಳನ್ನು ಬಿಡಿಸಿದ ಮೇಲೆ ಉಳಿಯುವ ನಿಜವಾದ ಚರಿತ್ರೆ ಸಪ್ಪೆಯಾಗಿರಬಹುದೆಂದು ನೀವು ಊಹಿಸಬಹುದು. ನನಗೆ ಹಾಗೆನಿಸಲಿಲ್ಲ. ಅದು ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿ ನಡೆದ ಕಥೆ. ಜೆರಾರ್ಡ್ ಎಂಬುವನು 1597ರಲ್ಲಿ ಬರೆದ ಗಿಡಮೂಲಿಕೆಯ ಗ್ರಂಥದಲ್ಲಿ ಹಾಲಿಹಾಕ್ ಇದೆ. 1629ರಲ್ಲಿ ಪಾರ್ಕಿನ್ಸನ್ ತನ್ನ ಹೂದೋಟದ ಗ್ರಂಥದಲ್ಲಿ ಒಂಟಿ ಸುತ್ತಿನ ಹೂವನ್ನೂ ಸುತ್ತುಸುತ್ತಾಗಿ ತುಂಬಿದ ಹೂವನ್ನೂ ವರ್ಣಿಸಿದ್ದಾನೆ. ಆಮೇಲೆ ಎರಡು ಶತಮಾನ ಅದು ಬಡವರ ಗುಡಿಸಲ ಗೋಡೆಯ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಬೆಳೆದುಕೊಂಡಿತ್ತು. ಯಾರೂ ಆರೈಕೆ ಮಾಡಬೇಕಾಗಿರಲಿಲ್ಲ; ಬೀಜ ಉದುರಿದಲ್ಲಿ ಮತ್ತೆ ಹುಟ್ಟುತ್ತಿತ್ತು.

ನಡುವೆ ಒಮ್ಮೆ ಅದನ್ನು ದುಡಿಮೆಗೆ ಹಚ್ಚುವ ಪ್ರಯತ್ನವೂ ನಡೆಯಿತು. 1821ರಲ್ಲಿ ವೇಲ್ಸ್ ಸೀಮೆಯ ಫ್ಲಿಂಟ್ ಎಂಬ ಊರಿನ ಬಳಿ ಸುಮಾರು 280 ಎಕರೆ ನೆಲದಲ್ಲಿ ಹಾಲಿಹಾಕ್ ಬೆಳೆದರು. ಹೂವಿಗಾಗಿ ಅಲ್ಲ, ಕಾಂಡದ ನಾರಿಗಾಗಿ. ನಾರನ್ನು ತೆಗೆಯುವಾಗ ಗಿಡದಿಂದ ನೀಲಿಬಣ್ಣವೂ ದೊರೆಯುತ್ತದೆಂದು ಕಂಡಿತಂತೆ. ಪುಂಡಿಯನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆಯುವುದನ್ನು ಕಂಡ ನಮ್ಮ ರೈತರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಒಂದೇ ಮನೆತನದ ಗುಣ. ಉದ್ಯಮ ಮುಂದುವರಿಯಲಿಲ್ಲ. ಕಪ್ಪು ಹೂವಿನ ಜಾತಿಯನ್ನು ಮಾತ್ರ ಯುರೋಪಿನಲ್ಲಿ ದ್ರಾಕ್ಷಾರಸಕ್ಕೆ ಬಣ್ಣ ಕಟ್ಟಲು ಬಹುಕಾಲ ಬಳಸಿದರು.

ಲಂಡನ್ನಿಗೆ ಈಶಾನ್ಯದಲ್ಲಿ, ಎಸೆಕ್ಸ್ ಪ್ರಾಂತದಲ್ಲಿ, ಸ್ಯಾಫ್ರನ್ ವಾಲ್ಡನ್ ಎಂಬ ಒಂದು ಪುಟ್ಟ ಪೇಟೆಯಿದೆ. ಸ್ಯಾಫ್ರನ್ ಎಂದರೆ ಕೇಸರಿ. ನಾವು ಕಾಶ್ಮೀರದ್ದೆಂದು ಚಿಟಿಕೆ ಲೆಕ್ಕದಲ್ಲಿ ಪಾಯಸಕ್ಕೆ ಹಾಕುತ್ತೇವಲ್ಲ, ಅದೇ ಕೇಸರಿಯನ್ನು 16 ಮತ್ತು 17ನೆಯ ಶತಮಾನಗಳಲ್ಲಿ ಈ ಊರಿನ ಸುತ್ತ ಹೊಲಗಟ್ಟಲೆ ಬೆಳೆಯುತ್ತಿದ್ದರು. ಆ ಬೇಸಾಯ ನಿಂತುಹೋಯಿತು. ಊರಿನ ಹೆಸರಿನಲ್ಲಿ ಕೇಸರಿ ಉಳಿಯಿತು. ಇದೇ ಊರಿನಲ್ಲಿ 19ನೆಯ ಶತಮಾನದ ಮೊದಲ ಅರ್ಧದಲ್ಲಿ ಚಾರ್ಲ್ಸ್ ಬ್ಯಾರನ್ ಎಂಬ ಒಬ್ಬನಿದ್ದ. ಬ್ಯಾರನ್ ಎಂದರೆ ಇಂಗ್ಲಿಷಿನಲ್ಲಿ ಪ್ರಭು. ಆದರೆ ಇವನ ಕಸುಬು ಮೋಚಿಯದು. ಜೋಡು ಹೊಲಿದು ಉಳಿದ ಹೊತ್ತಿನಲ್ಲಿ ಈತ ಹಾಲಿಹಾಕ್ ಬೆಳೆದ. ಚೆನ್ನಾದ ಹೂವಿನ ಬೀಜವನ್ನಷ್ಟೇ ಉಳಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ವರ್ಷದಿಂದ ವರ್ಷಕ್ಕೆ ಹೂವನ್ನು ತಿದ್ದುತ್ತ ಹೋದ. ಗುಡಿಸಲ ಗಿಡದ ಸಡಿಲ ಹೂವು ಅವನ ಕೈಯಲ್ಲಿ ಒತ್ತಾದ ದಳಗಳ ಚೆಂಡಾಯಿತು.

ಅವನ ಸಂಗ್ರಹ ಅದೇ ಊರಿನ ವಿಲಿಯಂ ಚೇಟರ್ ಎಂಬ ಸಸಿತೋಟದವನ ಕೈಗೆ ಬಂತು. ಚೇಟರ್ ಅದನ್ನು ದೇಶಪ್ರಸಿದ್ಧ ಮಾಡಿದ. ಪ್ರದರ್ಶನಗಳಲ್ಲಿ ಹಾಲಿಹಾಕ್‌ಗೆ ಬಹುಮಾನಗಳಾದುವು. ಒಂದೊಂದು ಬಗೆಗೂ ಒಂದೊಂದು ಹೆಸರಾಯಿತು. ಶ್ರೀಮಂತರು ಹೆಸರು ಹೇಳಿ ಗಿಡ ಕೊಂಡರು. ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಹೆಸರಿಟ್ಟ ಬಗೆಯ ಬೀಜ ಬಿತ್ತಿದರೆ ಬಹುಪಾಲು ತಾಯಿಯಂತೆಯೇ ಬರುತ್ತದೆ, ಆದರೆ ಎಲ್ಲವೂ ಬರುವುದಿಲ್ಲ. ಡಾರ್ವಿನ್ನನೂ 1868ರ ತನ್ನ ಗ್ರಂಥದಲ್ಲಿ ಈ ಗಿಡದ ಬೀಜದ ಈ ನಡತೆಯನ್ನು ಚರ್ಚಿಸಿದ್ದಾನೆ. ಹೆಸರಿಗೆ ಹಣ ಕೊಡುವ ಗಿರಾಕಿಗೆ ‘ಬಹುಪಾಲು’ ಸಾಲದು. ಆದ್ದರಿಂದ ಸಸಿತೋಟದವರು ಕಾಂಡದ ತುಂಡಿನಿಂದಲೂ, ಬೇರಿಗೆ ಕಸಿ ಕಟ್ಟಿಯೂ, ಗಾಜಿನ ಮನೆಯ ಬಿಸಿಯಲ್ಲಿ ಗಿಡಗಳನ್ನು ಮಾಡುತ್ತಿದ್ದರು. ಹೀಗೆ ಮಾಡಿದ ನೂರು ಗಿಡ ನೂರಲ್ಲ, ಒಂದೇ ಗಿಡದ ನೂರು ತುಂಡು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತೆಂದೇ ಅರ್ಥ.

ಬಂತು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಈ ಕುಲದ ಗಿಡಗಳ ಎಲೆಗೆ ಹತ್ತುವ ಒಂದು ತುಕ್ಕುರೋಗವನ್ನು ಫ್ರಾನ್ಸಿನ ಮೊಂತಾಞ್ ಎಂಬ ವಿದ್ವಾಂಸ 1852ರಲ್ಲಿ ವರ್ಣಿಸಿದ್ದ. ಎಲೆಯ ಕೆಳಮೈಯಲ್ಲಿ ಸಾಸಿವೆಗಿಂತ ಚಿಕ್ಕ ಕಂದು ಗುಳ್ಳೆಗಳು. ಮೇಲ್ಮೈಯಲ್ಲಿ ಹಳದಿ ಚುಕ್ಕೆ. ಆಮೇಲೆ ಎಲೆ ಸುಟ್ಟಂತೆ ಒಣಗಿ ಜೋಲುತ್ತದೆ. ಅದು 1869ರಲ್ಲಿ ಸ್ಪೇನಿನಲ್ಲಿ ಕಾಣಿಸಿತು. 1873ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಚೇಟರನ ತೋಟದ ಸಂಗ್ರಹ ಹಾಳಾಯಿತು. ಒಬ್ಬ ಮೋಚಿ ಆರಂಭಿಸಿ, ಎರಡು ತಲೆಮಾರು ಕಣ್ಣಿಟ್ಟು ಆರಿಸಿದ ಹೂಗಳು. ಅವುಗಳ ಹೆಸರುಗಳು ಪಟ್ಟಿಗಳಲ್ಲಿ ಉಳಿದುವು, ಗಿಡಗಳು ಉಳಿಯಲಿಲ್ಲ. ಕೇಸರಿ ಹೋದ ಊರಿನಿಂದ ಹಾಲಿಹಾಕ್ ಕೂಡ ಹೋಯಿತು.

ತುಕ್ಕು ಎಂಬ ಮಾತು ನಮ್ಮ ಕಾಫಿಸೀಮೆಯ ವಾಚಕರ ಕಿವಿಗೆ ಬೇರೆಯೇ ಧ್ವನಿ ಕೊಟ್ಟೀತು. ಹಾಲಿಹಾಕ್‌ನ ತುಕ್ಕು ಸ್ಪೇನಿಗೆ ಬಂದ ಅದೇ 1869ರಲ್ಲಿ, ಸಿಂಹಳದ ಕಾಫಿಗಿಡಗಳ ಎಲೆಗಳ ಮೇಲೆ ಇನ್ನೊಂದು ಜಾತಿಯ ತುಕ್ಕು ಕಾಣಿಸಿಕೊಂಡಿತು. ಎರಡು ದಶಕಗಳೊಳಗೆ ಆ ದ್ವೀಪದ ಕಾಫಿಯ ಬೇಸಾಯ ಕುಸಿದು ಅದರ ಜಾಗದಲ್ಲಿ ಚಹಾ ಬಂತು. ಕೊಡಗು, ಚಿಕ್ಕಮಗಳೂರುಗಳ ತೋಟಗಳಿಗೂ ಅದು ಬಂದು, ಇಂದಿಗೂ ಬೆಳೆಗಾರರ ನಿದ್ದೆ ಕೆಡಿಸುತ್ತಿದೆ. ಆಗ ಎರಡು ಕಡೆಯಲ್ಲೂ ಮದ್ದಿರಲಿಲ್ಲ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಫ್ರಾನ್ಸಿನ ಮಿಯಾರ್ದೆ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ್ದು 1885ರಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನೇ ನಮ್ಮ ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಔಷಧಿ ಹೊಡೆಯುವ ಪದ್ಧತಿ ಅಲ್ಲಿಂದ ಬಂದದ್ದು. ಚೇಟರನ ಪಾಲಿಗೆ ಅದು ಹನ್ನೆರಡು ವರ್ಷ ತಡವಾಯಿತು.

ಆದರೂ ಹಾಲಿಹಾಕ್ ಅಳಿಯಲಿಲ್ಲ. ಅದನ್ನು ಉಳಿಸಿದವರು ಯಾರು? ಪ್ರದರ್ಶನದಲ್ಲಿ ಬಹುಮಾನ ಪಡೆದವರಲ್ಲ. ಹಳ್ಳಿಯ ಮನೆಗಳ ಹೆಂಗಸರು ಉದುರಿದ ಬೀಜವನ್ನು ಹಾಗೆಯೇ ಬಿಟ್ಟಿದ್ದರು, ಅಥವಾ ಪಕ್ಕದ ಮನೆಗೆ ಒಂದು ಹಿಡಿ ಕೊಟ್ಟಿದ್ದರು. ಬೀಜದಿಂದ ಹುಟ್ಟಿದ ಗಿಡ ಎಳೆಯದು, ಹುರುಪಿನದು. ತುಕ್ಕು ಹತ್ತಿದರೂ ಅದು ಹಬ್ಬಿ ಕೊಲ್ಲುವುದರೊಳಗಾಗಿ ಹೂವು ಬಿಟ್ಟು ಬೀಜ ಉದುರಿಸಿರುತ್ತದೆ. ರೋಗದ ವರ್ಷಗಳು ಕಳೆದ ಮೇಲೆ, 1880ರ ದಶಕದಿಂದ, ಹೆಲೆನ್ ಅಲಿಂಗ್‌ಹ್ಯಾಮ್ ಎಂಬ ಚಿತ್ರಗಾರ್ತಿ ಸರಿ ಪ್ರಾಂತದ ಹುಲ್ಲುಹೊದಿಕೆಯ ಮನೆಗಳನ್ನು ಬಣ್ಣದಲ್ಲಿ ಬರೆದರು. ಅವುಗಳಲ್ಲಿ ಬಾಗಿಲ ಪಕ್ಕಕ್ಕೆ ಎತ್ತರವಾಗಿ ನಿಂತಿರುವುದು ಇದೇ ಹಾಲಿಹಾಕ್. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಬಿಸ್ಕತ್ತು ಯಾವ ಕಾಲದಲ್ಲೋ ಮುಗಿದು ಅದರಲ್ಲಿ ನಮ್ಮ ತಾಯಿ ಮೆಂತ್ಯ ಇಡುತ್ತಿದ್ದರು. ಮುಚ್ಚಳದ ಮೇಲೆ ಇಂಥದೇ ಒಂದು ಮನೆ, ಇಂಥವೇ ಹೂಗಳು. ಅದು ಯಾರ ಮನೆಯೆಂದು ನಾನು ಕೇಳಿದಾಗ, ‘ನಮ್ಮದಲ್ಲ’ ಎಂದು ಅವರು ಹೇಳಿದ್ದು ನೆನಪಿದೆ.

ಚೇಟರನ ಹೆಸರಿನ ಸುತ್ತುಹೂವಿನ ಬೀಜ ಈಗಲೂ ಮಾರಾಟದಲ್ಲಿದೆ. ಅದು ಅವನ ಗಿಡಗಳೇ ಎಂದಲ್ಲ. ಆ ಮಾದರಿಯದು, ಬೀಜದಿಂದ ಬೆಳೆಯುವಂಥದು. ಹೆಸರು ಮಾತ್ರ ಆತನದು.

ನಿಮ್ಮಲ್ಲಿ ಕೆಲವರಿಗೆ ಬೆಳೆಯುವ ಮನಸ್ಸಾಗಿದ್ದರೆ ನಾನು ಕಂಡುಕೊಂಡ ನಾಲ್ಕು ಮಾತು. ಮಳೆಯ ಜೋರು ಇಳಿದ ಮೇಲೆ, ಸೆಪ್ಟೆಂಬರು ಅಕ್ಟೋಬರಿನಲ್ಲಿ, ಬೀಜ ಹಾಕಿ. ಬಿಸಿಲು ಬೀಳುವ ಗೋಡೆಯ ಪಕ್ಕ ಒಳ್ಳೆಯದು, ಗಾಳಿಗೆ ಆಸರೆಯಾಗುತ್ತದೆ. ಇದರ ತಾಯಿಬೇರು ಆಳಕ್ಕಿಳಿಯುವುದರಿಂದ ದೊಡ್ಡದಾದ ಸಸಿಯನ್ನು ಕಿತ್ತು ನೆಡಬೇಡಿ. ಇದ್ದಲ್ಲೇ ಬಿತ್ತುವುದು ಲೇಸು. ಗಿಡಕ್ಕೂ ಗಿಡಕ್ಕೂ ಒಂದೂವರೆ ಎರಡು ಅಡಿ ಬಿಡಿ. ಚಳಿ ದೇಶಗಳಲ್ಲಿ ಮೊದಲ ವರ್ಷ ಬರಿಯ ಎಲೆ, ಎರಡನೆಯ ವರ್ಷ ಹೂವು. ನಮ್ಮ ಹವೆಯಲ್ಲಿ ಆರಿಸಿ ತಂದ ಬೀಜವಾದರೆ ಬೇಸಗೆ ಬಲಿಯುವ ಮುಂಚೆಯೇ ಹೂವು ಕಾಣಬಹುದು. ನೀರನ್ನು ಬುಡಕ್ಕೆ ಹಾಕಿ, ಎಲೆಯ ಮೇಲೆ ಸುರಿಯಬೇಡಿ. ಒದ್ದೆ ಎಲೆ ತುಕ್ಕಿಗೆ ಆಹ್ವಾನ. ಕೆಳಗಿನ ಎಲೆಗಳನ್ನು ಆಗಾಗ ಮಗುಚಿ ನೋಡಿ. ಕಂದು ಗುಳ್ಳೆ ಕಂಡರೆ ಆ ಎಲೆಯನ್ನು ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಹೂವು ಮುಗಿದ ಮೇಲೆ ಕಾಂಡವನ್ನು ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿದರೆ, ಗಿಡ ಗಟ್ಟಿಯಾಗಿದ್ದರೆ, ಮತ್ತೆ ಚಿಗುರುತ್ತದೆ. ಆದರೆ ಅದನ್ನೇ ನೆಚ್ಚಿ ಕೂರದೆ ಪ್ರತಿವರ್ಷ ಸ್ವಲ್ಪ ಬೀಜ ಹಾಕುವುದು ನನ್ನ ಪದ್ಧತಿ.

ಹುಡುಗನ ಪ್ರಶ್ನೆ ಹಾಗೆಯೇ ಉಳಿಯಿತಲ್ಲವೆ? ನಾನು ಪಂಡಿತನಾದ ತಪ್ಪಿಗೆ ಒಂದು ಹೆಸರನ್ನು ಕಟ್ಟಿಯೂ ನೋಡಿದೆ. ದಂಡಜಪಾ ಎಂದು. ನೆಟ್ಟನೆಯ ಕೋಲಿನ ಮೇಲಿನ ದಾಸವಾಳ ಎಂದು ಅರ್ಥ. ವ್ಯಾಕರಣಶುದ್ಧವಾಗಿಯೇ ಇದೆ. ಮನೆಯಲ್ಲಿ ಹೇಳಿದಾಗ ನಮ್ಮಾಕೆ, ‘ಯಾರಿಗೆ ಜುಲ್ಮಾನ್ ಹಾಕಿದರು?’ ಎಂದು ಕೇಳಿದಳು. ಅಲ್ಲಿಗೆ ಅದನ್ನು ಬಿಟ್ಟೆ. ಹಾಲು ತರುವ ಗೌರಮ್ಮ ಮೊದಲಿನಿಂದಲೂ ಅದನ್ನು ಉದ್ದದಾಸವಾಳ ಎನ್ನುತ್ತಾಳೆ. ಅವಳಿಗೆ ನಿಘಂಟಿನ ತೊಂದರೆಯಿಲ್ಲ.

ಹುಡುಗ ಮತ್ತೆ ಬಂದಾಗ ಇವೆಲ್ಲವನ್ನೂ ಹೇಳಿದೆ. ಹೂವಿನ ಹಾಸಿಗೆಯ ಕಥೆಯನ್ನೂ ಜೇನುನೊಣದ ಕಥೆಯನ್ನೂ ಸೇರಿಸಿ ಹೇಳಿದೆ. ಸಾವಧಾನವಾಗಿ ಕೇಳಿ, ‘ಹಾಗಾದ್ರೆ ಏನಂತ ಬರ್ಕೊಳ್ಳಲಿ ಮೇಷ್ಟ್ರೇ?’ ಎಂದ. ಗಿಡದಲ್ಲಿ ಒಣಗಿದ ಕಾಯಿಗಳಿದ್ದುವು. ಎರಡನ್ನು ಬಿಡಿಸಿ ಅವನ ಕೈಗೆ ಹಾಕಿದೆ. ಪುಸ್ತಕದ ಕಡೆಯ ಹಾಳೆಯನ್ನು ಹರಿದು ಪೊಟ್ಟಣ ಕಟ್ಟಿ, ಅದರ ಮೇಲೆ ‘ಮೇಷ್ಟ್ರ ಮನೆ ಹೂವು, ಸೆಪ್ಟೆಂಬರ್’ ಎಂದು ಬರೆದುಕೊಂಡು ಹೋದ.